ಸುತ್ತಕ್ಕನ ಆರು ಅಡಿ ನಾಲ್ಕು ಇಂಚು

ಸುತ್ತಕ್ಕ ಎಣಿಕೆ ಕಲಿತದ್ದು ಶಾಲೆಯಲ್ಲಲ್ಲ, ಅಪ್ಪನ ಬೆಲ್ಟಿನ ಸದ್ದಿನಲ್ಲಿ. ಬೆಲ್ಟು ಬೀಳುತ್ತಿದ್ದದ್ದು ಅವಳ ಮೈಮೇಲಲ್ಲ, ಅಣ್ಣನ ಬೆನ್ನ ಮೇಲೆ. ಅಪ್ಪ ಹೊಸ್ತಿಲಲ್ಲಿ ಬೂಟು ಕಳಚುವ ರೀತಿಯಲ್ಲೇ ಇವತ್ತಿನ ಗಾಳಿ ಎತ್ತ ಬೀಸುತ್ತದೆ ಅಂತ ಅಣ್ಣನಿಗೆ ತಿಳಿದುಹೋಗುತ್ತಿತ್ತು. ತಂಗಿಯನ್ನು ಮಂಚದ ಕೆಳಗೆ ತಳ್ಳಿ, ತಾನು ಮಂಚಕ್ಕೆ ಅಡ್ಡಲಾಗಿ ನಿಲ್ಲುತ್ತಿದ್ದ. ಐದು ವರ್ಷದ ಹುಡುಗಿಗೆ ಅಲ್ಲಿಂದ ಕಾಣುತ್ತಿದ್ದದ್ದು ಅಣ್ಣನ ಎರಡು ಹಿಮ್ಮಡಿ ಮಾತ್ರ. ಒಂದು ಏಟಿಗೆ ಹಿಮ್ಮಡಿ ಒಂದು ಸಲ ನೆಲ ಬಿಟ್ಟು ಏಳುತ್ತಿತ್ತು. ಒಂದು, ಎರಡು, ಮೂರು. ಇಪ್ಪತ್ತು ದಾಟಿದರೆ ಅಪ್ಪನ ತೋಳು ಸೋಲುತ್ತದೆ ಅನ್ನುವುದು ಅವಳು ಕಂಡುಕೊಂಡ ಮೊದಲ ಲೆಕ್ಕ.

ಏಟು ಅದೇ, ಮನೆ ಅದೇ, ಆದರೆ ಅಣ್ಣ ತಂಗಿ ಕಲಿತ ಪಾಠ ಮಾತ್ರ ಬೇರೆ ಬೇರೆ. ಜೋರಿದ್ದವನ ಮಾತೇ ನಡೆಯುತ್ತದೆ ಅಂತ ಅಣ್ಣ ಕಲಿತ. ಹದಿನೇಳನೇ ವಯಸ್ಸಿಗೆ ಅಪ್ಪನ ಕೈಯಿಂದ ಬೆಲ್ಟು ಕಿತ್ತು ಅದರಿಂದಲೇ ಅಪ್ಪನನ್ನು ಬೀದಿಯವರೆಗೆ ಅಟ್ಟಿದ. ಅವತ್ತಿನಿಂದ ಆ ಮನೆಯಲ್ಲಿ ಅಪ್ಪ ಬಾಯಿ ಬಿಡಲಿಲ್ಲ. ತಂಗಿ ಕಲಿತದ್ದು ಇನ್ನೊಂದು. ಎಷ್ಟು ಶಕ್ತಿ ಖರ್ಚಾಯಿತು, ಅದರಲ್ಲಿ ಎಷ್ಟು ಕೆಲಸಕ್ಕೆ ಬಂತು, ಎಷ್ಟು ದಂಡವಾಯಿತು ಅಂತ ಅಳೆಯುವುದು.

ದೊಡ್ಡವನಾಗಿ ಅಣ್ಣ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್ ಆದ. ಆರಡಿ ಆಳು, ಕತ್ತಿನ ತುಂಬ ಕಿಡಿ ಹಾರಿದ ಚುಕ್ಕೆ ಕಲೆ. ಅವನು ಕೆಮ್ಮಿದರೂ ತಗಡು ಅದುರುತ್ತದೆ ಅಂತ ಶೆಡ್ಡಿನವರು ಅವನಿಗೆ ಗುಡುಗು ಅಂತ ಹೆಸರಿಟ್ಟಿದ್ದರು. ತಂಗಿ ಮೋಟರ್ ವೈಂಡಿಂಗ್ ಅಂಗಡಿ ಸೇರಿದಳು. ಸುಟ್ಟ ಮೋಟರಿನ ಹೊಟ್ಟೆ ಬಗೆದು ಕರಿಹಿಡಿದ ತಾಮ್ರವನ್ನು ಹೊರಗೆಳೆಯುವುದು, ಎಷ್ಟು ಸುತ್ತಿತ್ತು ಎಂದು ಎಣಿಸುವುದು, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ ಸಂದಿಗಳಲ್ಲಿ ಕೂರಿಸಿ ಬಿದಿರಿನ ಬೆಣೆ ಬಡಿಯುವುದು, ವಾರ್ನಿಷ್ ಕುಡಿಸಿ ಒಣಗಲು ಇಡುವುದು. ಪಕ್ಕದಲ್ಲಿ ಜಗಳವಾಗಲಿ, ಛಾವಣಿ ಕುಸಿಯಲಿ, ಅವಳ ಎಣಿಕೆ ತಪ್ಪುತ್ತಿರಲಿಲ್ಲ. ಸುತ್ತಕ್ಕ ಎಂದು ಜನ ಕರೆದದ್ದು ಅದಕ್ಕೇ.

ಇಬ್ಬರಿಗೂ ಟೆಸ್ಲಾ ಕಾಯಿಲ್ ಹುಚ್ಚು ಹತ್ತಿಸಿದವನು ರೇಡಿಯೊ ತಾತ. ಹಳೇ ರೇಡಿಯೊ ರಿಪೇರಿ ಮಾಡುವ ಮುದುಕ, ಮೂಗಿನ ತುದಿಯಲ್ಲಿ ಕನ್ನಡಕ, ಕನ್ನಡಕಕ್ಕೆ ಒಂದೇ ಕಡ್ಡಿ. ಅವನ ಮೇಜಿನ ಮೇಲೆ ಗೇಣುದ್ದದ ಕಾಯಿಲ್ ಒಂದಿತ್ತು. ಸ್ವಿಚ್ ಒತ್ತಿದರೆ ಅದರ ನೆತ್ತಿಯಿಂದ ನೇರಳೆ ಬಣ್ಣದ ಪುಟ್ಟ ಮಿಂಚು ಚಿಟಚಿಟ ಅಂತ ಗಾಳಿಗೆ ಕೈಚಾಚುತ್ತಿತ್ತು.

ಅದೇನು ಅಂತ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಕೆಳಗೆ ದಪ್ಪ ತಾಮ್ರದ ಕೊಳವೆಯ ಹತ್ತು ಹನ್ನೆರಡು ಸುತ್ತು. ಅದರ ನಡುವೆ ಕಂಬದ ಹಾಗೆ ನಿಂತ ಪೈಪಿನ ಮೇಲೆ ಕೂದಲೆಳೆ ತಂತಿಯ ಸಾವಿರ ಸುತ್ತು. ನೆತ್ತಿಯ ಮೇಲೆ ಲೋಹದ ದೊಡ್ಡ ಬಳೆ. ಪಕ್ಕದ ಹಲಗೆಯ ಮೇಲೆ ಸಾಲಾಗಿ ಕೆಪಾಸಿಟರ್‌ಗಳು. ಆ ಹಲಗೆ ಒಂದು ಕೊಡ ಇದ್ದ ಹಾಗೆ: ಕರೆಂಟು ತುಂಬಿಕೊಳ್ಳುತ್ತದೆ, ತುಂಬಿದ ಕೂಡಲೇ ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿ ಕೊಡ ಒಮ್ಮೆಲೇ ದಪ್ಪ ಸುತ್ತಿನೊಳಕ್ಕೆ ಬೋರಲಾಗುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೇ. ಕೆಳಗಿನ ಸುತ್ತು, ಮೇಲಿನ ಸುತ್ತು ಎರಡೂ ಒಂದೇ ಶ್ರುತಿಯಲ್ಲಿದ್ದರೆ ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ಬೆರಳಿಂದ ನೂಕಿದ ಹಾಗೆ. ಪ್ರತಿ ನೂಕಿಗೂ ಇನ್ನಷ್ಟು ಮೇಲೇರುತ್ತದೆ, ಕೊನೆಗೆ ನೆತ್ತಿಯಿಂದ ಮಿಂಚು ಸಿಡಿಯುತ್ತದೆ. ಶ್ರುತಿ ತಪ್ಪಿದರೆ ಎದುರಿಗೆ ಬರುವ ಉಯ್ಯಾಲೆಗೆ ಒದ್ದ ಹಾಗೆ.

ಗುಡುಗು ಒದೆಯುವವನು. ಕಂಬದಿಂದ ಇಳಿಸಿ ಗುಜರಿಗೆ ಹಾಕಿದ್ದ ಟ್ರಾನ್ಸ್‌ಫಾರ್ಮರ್ ಒಂದನ್ನು ಹೊತ್ತು ತಂದು, ಹತ್ತು ಹೀಟರು ಒಟ್ಟಿಗೆ ಹಾಕಿದಷ್ಟು ಕರೆಂಟು ಅದಕ್ಕೆ ಬಿಟ್ಟು ಕಾಯಿಲ್ ಓಡಿಸುತ್ತಿದ್ದ. ಶ್ರುತಿ ಗಿರುತಿ ಅವನಿಗೆ ಬೇಕಿರಲಿಲ್ಲ. ಮಿಂಚು ಗಿಡ್ಡ ಬಂದರೆ "ಇನ್ನೂ ಬಿಡು" ಅನ್ನುವುದು, ಹೊಗೆ ಬಂದರೆ ಕಾಲಲ್ಲಿ ಒದ್ದು ಆರಿಸುವುದು. ಓಡಿಸಿ ಮುಗಿದ ಮೇಲೆ ಕೆಪಾಸಿಟರ್ ಹಲಗೆಯಲ್ಲಿ ಉಳಿದ ಕರೆಂಟನ್ನು ಇಳಿಸಲು ಅವನದೊಂದು ಪದ್ಧತಿ. ಮರದ ಹಿಡಿಯ ಕಬ್ಬಿಣದ ರಾಡು, ಅದರ ಬಾಲಕ್ಕೆ ನೆಲಕ್ಕೆ ಹೂತ ಸರಪಳಿ. ಅದನ್ನೆತ್ತಿ ಹಲಗೆಯ ಮೇಲೆ ಬಡಿದರೆ ಢಂ ಅಂತ ಕಿವಿ ಹರಿಯುವ ಸದ್ದು, ಬೆಳ್ಳನೆ ಬೆಂಕಿ. ಆ ಸದ್ದಿಗಾಗಿಯೇ ಅವನು ಕಾಯಿಲ್ ಕಟ್ಟುತ್ತಾನೆ ಅಂತ ತಾತ ನಗುತ್ತಿದ್ದ.

"ನೀನು ಕಾಯಿಲ್‌ಗೆ ಜೋಗುಳ ಹಾಡ್ತೀಯ ಕಣೇ," ಅಂತ ಗುಡುಗು ತಂಗಿಯನ್ನು ರೇಗಿಸುತ್ತಿದ್ದ.

"ನಿನ್ನದು ಅಳುತ್ತಲ್ಲಣ್ಣ, ಅದಕ್ಕೇ ಹೇಳಿದ್ದು, ಸ್ವಲ್ಪ ಹಾಡು ಅಂತ."

ಸುತ್ತಕ್ಕನ ಕಾಯಿಲ್ ಕುಡಿಯುತ್ತಿದ್ದದ್ದು ಎರಡು ಹೀಟರಿನಷ್ಟು. ಕೆಳಗಿನ ಸುತ್ತಿನ ಮೇಲೆ ಕ್ಲಿಪ್ಪನ್ನು ಅರ್ಧ ಬೆರಳು ಆಚೆ, ಕಾಲು ಬೆರಳು ಈಚೆ ಸರಿಸಿ ತಿಂಗಳುಗಟ್ಟಲೆ ಹದ ಹುಡುಕುತ್ತಿದ್ದಳು. ಒಳಗೆ ಹೋದ ಕರೆಂಟು ಹಿಂದಕ್ಕೆ ಜಾರದ ಹಾಗೆ ಒಂದೇ ದಿಕ್ಕಿಗೆ ಬಾಗಿಲು ತೆರೆಯುವ ಡಯೋಡ್‌ಗಳ ಸಾಲು ಹಾಕಿದ್ದಳು. ಒಂದು ಹನಿ ದಂಡವಾದರೂ ಅವಳಿಗೆ ತನ್ನ ಮೈಯಿಂದ ರಕ್ತ ಹೋದಂತೆ.

ಇದೆಲ್ಲ ಬರೀ ಹುಚ್ಚಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. ಉಳಿಯಲಿಲ್ಲ.

ಅಣ್ಣನ ಹೆಂಡತಿ, ಸುತ್ತಕ್ಕನ ಅತ್ತಿಗೆ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಮಾತು ಕಮ್ಮಿ, ಆಡಿದರೆ ಖಾರ. ಒಂದು ಮಧ್ಯಾಹ್ನ ವೈಂಡಿಂಗ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ತಲೆಗೆ ಸುತ್ತಿದ್ದ ಬಟ್ಟೆ ಎಡಗಡೆ ಉಬ್ಬಿತ್ತು.

"ಏನಾಯ್ತು ಅತ್ತಿಗೆ?"

"ಬಾಗಿಲು ಬಡೀತು."

ಸುತ್ತಕ್ಕ ಬಟ್ಟೆ ಸರಿಸಿದಳು. ಕಿವಿ ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತ್ತು, ಒಳಗಿಂದ ನೀರು ಸೋರುತ್ತಿತ್ತು. ಕೆನ್ನೆಯ ಮೇಲೆ ನಾಲ್ಕು ಬರೆ.

"ಬಾಗಿಲಿಗೆ ಬೆರಳಿರುತ್ತಾ ಅತ್ತಿಗೆ?"

"ನಿಮ್ಮನೆ ಬಾಗಿಲಿಗೆ ಇರುತ್ತೆ," ಅಂದಳು ಅತ್ತಿಗೆ. "ನೀನು ಯಾವ ಕಡೆ ನಿಂತು ಮಾತಾಡಿದೆ ಅಂತ ನನಗೆ ಗೊತ್ತಾಗಲಿಲ್ಲ. ಈ ಕಿವಿ ಕೇಳಿಸ್ತಾ ಇಲ್ಲ."

ಸುತ್ತಕ್ಕ ಕೈಯಲ್ಲಿದ್ದ ತಂತಿಯನ್ನು ಹಾಗೇ ಬಿಟ್ಟು, ಎಣಿಕೆಯನ್ನೂ ಬಿಟ್ಟು, ಲಾರಿ ಶೆಡ್ಡಿಗೆ ಓಡಿದಳು. ಗುಡುಗು ಮುಖಕ್ಕೆ ಗಾಜಿನ ಮುಸುಕು ಹಾಕಿ ಬೆಸುಗೆ ಹಾಕುತ್ತಿದ್ದ. ಅವಳು ಹಿಂದಿನಿಂದ ಹೋಗಿ ವೆಲ್ಡಿಂಗ್ ಕೇಬಲ್ ಕಿತ್ತೆಸೆದಳು.

"ನಮ್ಮಪ್ಪನೇ ಆಗಿಬಿಟ್ಟೆಯಲ್ಲೋ!"

ಗುಡುಗು ಮುಸುಕೆತ್ತಿದ. ಕೈಗೆ ಸಿಕ್ಕ ಕಬ್ಬಿಣದ ಪಟ್ಟಿಯನ್ನು ಲಾರಿಯ ಬಾಗಿಲಿಗೆ ಬೀಸಿದ. ಬಾಗಿಲು ಒಳಕ್ಕೆ ಕುಸಿಯಿತು. ಇನ್ನೊಂದು ಸಲ ಬೀಸಿದ, ಗಾಜು ಚೂರುಚೂರಾಗಿ ಇಬ್ಬರ ಕಾಲ ಮೇಲೂ ಸುರಿಯಿತು. ತಂಗಿಯನ್ನು ಮಾತ್ರ ಮುಟ್ಟಲಿಲ್ಲ. ಹುಟ್ಟಿದಂದಿನಿಂದ ಅವಳ ಮೇಲೆ ಕೈ ಎತ್ತಿರಲಿಲ್ಲ.

"ಜೋರು ಮಾಡದೆ ಯಾವುದು ಸರಿಯಾಗಿದೆ ಹೇಳು. ಅಪ್ಪ ಸರಿಯಾದ್ನಾ? ನಾನು ಬೆಲ್ಟು ಕಿತ್ಕೊಂಡ ಮೇಲೆ ತಾನೆ ಸರಿಯಾಗಿದ್ದು? ಕಾಯಿಲ್ ಆದ್ರೂ ಅಷ್ಟೆ, ಸಂಸಾರ ಆದ್ರೂ ಅಷ್ಟೆ."

"ನಿನ್ನ ಕಾಯಿಲ್‌ಗಿಂತ ನನ್ನ ಕಾಯಿಲ್ ಉದ್ದ ಮಿಂಚು ಕೊಟ್ರೆ?"

"ಕೊಡಲ್ಲ."

"ಕೊಟ್ರೆ? ಹತ್ತು ಹೀಟರಿಗೆ ಎರಡು ಹೀಟರು ಎದುರು. ಲೆಕ್ಕದ ರಿಯಾಯಿತಿ ಏನೂ ಬೇಡ, ಅಡಿಗೆ ಅಡಿ. ನನ್ನದು ಒಂದು ಇಂಚು ಮುಂದಾದ್ರೂ ಅತ್ತಿಗೆ ಮೇಲೆ ನೀನು ಇನ್ನು ಕೈ ಎತ್ತಬಾರದು. ಸಾಯೋವರೆಗೂ."

"ನಾನು ಗೆದ್ರೆ?"

"ನಿಮ್ಮ ಸಂಸಾರದ ವಿಷಯಕ್ಕೆ ನಾನು ಬಾಯಿ ಹಾಕಲ್ಲ."

ಗುಡುಗು ನಕ್ಕು ಕೈ ಚಾಚಿದ. ಅವನು ಮಾತು ಕೊಟ್ಟರೆ ತಪ್ಪುವವನಲ್ಲ ಅಂತ ಸುತ್ತಕ್ಕನ ನಂಬಿಕೆ. ಸಂಜೆ ಅತ್ತಿಗೆಗೆ ವಿಷಯ ಹೇಳಿದಾಗ ಅತ್ತಿಗೆ ಕೇಳಿಸದ ಕಿವಿಯನ್ನು ಇವಳ ಕಡೆ ತಿರುಗಿಸಿ ಕೂತಳು.

ಕಾಯಿಲ್ ಹುಚ್ಚಿನವರು ವರ್ಷಕ್ಕೊಮ್ಮೆ ಊರ ಹೊರಗಿನ ಖಾಲಿ ಗೋದಾಮಿನಲ್ಲಿ ಸೇರುವುದು ರೂಢಿ. ಅದಕ್ಕೆ ಇನ್ನು ಮೂರು ವಾರವಿತ್ತು. ಹಿಂದಿನ ವರ್ಷ ಗುಡುಗನ ಮಿಂಚು ಆರು ಅಡಿ. ಸುತ್ತಕ್ಕನದು ಐದೂವರೆ. ಅವಳು ಹೊಸ ಸುತ್ತು ಸುತ್ತಿದಳು, ಬಳೆ ಬದಲಾಯಿಸಿದಳು, ತಂತಿಗಳನ್ನು ಗಿಡ್ಡ ಮಾಡಿದಳು. ಆರು ಅಡಿ ಬಂತು. ಆರು ಅಡಿ ಎರಡು ಇಂಚು ಬಂತು. ಅಲ್ಲಿಗೆ ನಿಂತುಹೋಯಿತು. ಅತ್ತಿಗೆಯ ಕಿವಿ ನೆನಪಾದಾಗಲೆಲ್ಲ ಎದ್ದು ಮತ್ತೆ ಕ್ಲಿಪ್ಪು ಸರಿಸುತ್ತಿದ್ದಳು.

ಕೊನೆಯ ದಿನ ಅವಳ ಕಣ್ಣು ಕೆಪಾಸಿಟರ್ ಹಲಗೆಯ ಮೇಲೆ ಬಿತ್ತು. ಪ್ರತಿ ಕೆಪಾಸಿಟರಿನ ಬೆನ್ನಿಗೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ರೆಸಿಸ್ಟರ್ ಅಂಟಿಕೊಂಡಿತ್ತು. ಸ್ವಿಚ್ ಆರಿಸಿದ ಮೇಲೆ ಒಳಗೆ ಉಳಿದ ಕರೆಂಟನ್ನು ಸದ್ದಿಲ್ಲದೆ ಅರ್ಧ ನಿಮಿಷದಲ್ಲಿ ಇಳಿಸುವುದು ಅದರ ಕೆಲಸ. ಅದು ಇದ್ದದ್ದರಿಂದಲೇ ಸುತ್ತಕ್ಕನಿಗೆ ಅಣ್ಣನ ಹಾಗೆ ರಾಡು ಬಡಿಯುವ ಗೊಡವೆ ಇರಲಿಲ್ಲ. ಸ್ವಿಚ್ ಆರಿಸಿ, ಮೂವತ್ತರವರೆಗೆ ಎಣಿಸಿ, ನಿಶ್ಚಿಂತೆಯಿಂದ ಕೈ ಹಾಕುತ್ತಿದ್ದಳು. ಒಂಬತ್ತು ವರ್ಷ ಹಾಗೇ ನಡೆದಿತ್ತು. ಆದರೆ ಕಾಯಿಲ್ ಓಡುವಾಗಲೂ ಅವು ಸುಮ್ಮನಿರುವುದಿಲ್ಲ, ಒಂದೊಂದು ಗುಟುಕು ಕುಡಿಯುತ್ತಲೇ ಇರುತ್ತವೆ.

"ಕಳ್ಳರು ಇಲ್ಲೇ ಇದ್ದೀರಾ," ಅಂತ ಅವಳು ಕಟಿಂಗ್ ಪ್ಲೈಯರ್ ತಗೊಂಡಳು. ಇಪ್ಪತ್ತನಾಲ್ಕು ರೆಸಿಸ್ಟರ್. ಚಟ್, ಚಟ್, ಚಟ್. ಎಲ್ಲವನ್ನೂ ಕತ್ತರಿಸಿ ಕಸದ ಡಬ್ಬಿಗೆ ಹಾಕಿದಳು.

ಮಾರನೇ ದಿನ ಹಾಡಹಗಲು. ಗೋದಾಮಿನ ಬಾಗಿಲು ಎಳೆದು, ಕಿಟಕಿಗೆ ಗೋಣಿ ಹೊದಿಸಿ ಒಳಗೆ ಕತ್ತಲೆ ಮಾಡಿದ್ದರು. ಇಪ್ಪತ್ತು ಇಪ್ಪತ್ತೈದು ಜನ. ಹಗ್ಗದ ಆಚೆ ನಿಂತವರ ಕಿವಿಯಲ್ಲಿ ಹತ್ತಿ. ನಡುವೆ ಮರದ ವೇದಿಕೆ. ಎದುರಿಗೆ ನೆಲಕ್ಕೆ ತಂತಿ ಕಟ್ಟಿದ ಕಬ್ಬಿಣದ ಕಂಬ, ಕಂಬದ ಬುಡಕ್ಕೆ ಚಕ್ರ. ಮಿಂಚು ಮುಟ್ಟುತ್ತಿರುವಷ್ಟು ಹೊತ್ತು ಕಂಬವನ್ನು ಹಿಂದಕ್ಕೆ ಸರಿಸುತ್ತಾ ಹೋಗುವುದು, ಮುಟ್ಟದಿದ್ದರೆ ಅಲ್ಲಿಗೆ ನಿಲ್ಲಿಸಿ ಅಳೆಯುವುದು. ಅಳೆಯುವವನು ರೇಡಿಯೊ ತಾತ. ಒಬ್ಬರದು ಮುಗಿದರೆ ಐದು ನಿಮಿಷದಲ್ಲಿ ವೇದಿಕೆ ಖಾಲಿ ಮಾಡಿ ಮುಂದಿನವರಿಗೆ ಬಿಡಬೇಕು ಅನ್ನುವುದು ಅವನ ಕಟ್ಟಪ್ಪಣೆ. ಅತ್ತಿಗೆಯೂ ಬಂದಿದ್ದಳು. ಯಾರೂ ಕರೆದಿರಲಿಲ್ಲ.

ಮೊದಲು ಗುಡುಗು. ಸ್ವಿಚ್ ಬಿತ್ತು. ಟ್ರಾನ್ಸ್‌ಫಾರ್ಮರ್ ಕೋಣದ ಹಾಗೆ ಗುಟುರು ಹಾಕಿತು. ಕಿಡಿ ಹಾರಿಸುವ ಚಕ್ರ ತಿರುಗುತ್ತಾ ಕಿರುಚತೊಡಗಿತು, ಆಮೇಲೆ ಮಿಂಚು. ಮಿಂಚಲ್ಲ ಅದು, ಹೊಡೆತ. ಬಳೆಯಿಂದ ಬೆರಳು ದಪ್ಪದ ಬಿಳಿ ಹುರಿ ಚಾಟಿಯ ಹಾಗೆ ಬೀಸಿ ಕಂಬಕ್ಕೆ ಬಡಿಯಿತು, ನೆಲಕ್ಕೆ ಬಡಿಯಿತು, ತನ್ನದೇ ಕೆಳಗಿನ ಸುತ್ತಿಗೆ ಬಡಿದು ಕಚ್ಚಿತು. ಜನ ಕಿವಿ ಮುಚ್ಚಿಕೊಂಡು ಬಗ್ಗಿದರು. "ಇನ್ನೂ! ಇನ್ನೂ!" ಅಂತ ಗುಡುಗು ಕರೆಂಟು ಏರಿಸುವ ಹಿಡಿಯನ್ನು ಕೊನೆಯವರೆಗೂ ತಿರುಗಿಸಿದ. ಚಕ್ರದಿಂದ ಲೋಹದ ಗುಂಡಿಯೊಂದು ಕಿತ್ತು ಹಾರಿ ತಗಡಿನ ಗೋಡೆಯನ್ನು ತೂತು ಮಾಡಿಕೊಂಡು ಆಚೆ ಹೋಯಿತು. ಯಾರ ತಲೆಯೂ ದಾರಿಯಲ್ಲಿ ಇರಲಿಲ್ಲ, ಅದಷ್ಟೇ ಪುಣ್ಯ. ಹೊಗೆ ಎದ್ದಿತು. ಗುಡುಗು ಸ್ವಿಚ್ ಎಳೆದು ರಾಡೆತ್ತಿ ಹಲಗೆಗೆ ಬಡಿದ. ಢಂ!

"ಆರು ಅಡಿ ಮೂರು," ಅಂತ ತಾತ ಕೂಗಿದ. "ಗೋಡೆ ತೂತಿಗೆ ನೀನೇ ತಗಡು ಬೆಸೆದು ಹೋಗ್ಬೇಕಪ್ಪ."

ಸುತ್ತಕ್ಕನ ಸರದಿ. ಅವಳ ಕಾಯಿಲ್ ಗುಟುರು ಹಾಕಲಿಲ್ಲ. ಬಟ್ಟೆ ಹರಿದಂಥ ಒಂದೇ ಸಮನೆ ಸದ್ದು. ಬಳೆಯಿಂದ ಒಂದೇ ಒಂದು ಎಳೆ ಹೊರಟು, ಅಳುಕದೆ, ಕವಲೊಡೆಯದೆ ಕಂಬವನ್ನು ಹಿಡಿಯಿತು. ತಾತ ಕಂಬ ಸರಿಸಿದ. ಹಿಡಿಯಿತು. ಇನ್ನೂ ಸರಿಸಿದ. ಹಿಡಿಯಿತು. ಇನ್ನೊಂದು ಬೆರಳು. ಎಳೆ ಗಾಳಿಯಲ್ಲಿ ತಡವರಿಸಿತು, ಹುಡುಕಿತು. ಚಟ್ ಅಂತ ಮುಟ್ಟಿತು.

"ಆರು ಅಡಿ ನಾಲ್ಕು!"

ಗೋದಾಮಿನಲ್ಲಿ ಕೂಗಾಟ, ಶಿಳ್ಳೆ. ಯಾರೋ ಕಿಟಕಿಯ ಗೋಣಿ ಸರಿಸಿದರು, ಬೆಳಕು ಬಂತು. ಸುತ್ತಕ್ಕ ಸ್ವಿಚ್ ಆರಿಸಿದಳು. ಗುಡುಗು ಹಗ್ಗ ದಾಟಿ ಬಂದು ನಿಂತ. ಮುಖ ಕೆಂಪಾಗಿತ್ತು, ಆದರೂ ರಾಡಿನ ಹಿಡಿಯನ್ನು ತಂಗಿಯ ಕಡೆ ಚಾಚಿದ.

"ತಗೋ. ಇಳಿಸು."

"ನಿನ್ನ ಥರ ಬಡಿಯೋದು ನನಗೆ ಬೇಕಾಗಿಲ್ಲಣ್ಣ," ಅಂದಳು. ಗೆದ್ದ ಬಾಯಿ. ಅಷ್ಟು ಹೊತ್ತಿಗೆ ಮನಸ್ಸಿನಲ್ಲೇ ಇಪ್ಪತ್ತಾರು, ಇಪ್ಪತ್ತೇಳು ನಡೆಯುತ್ತಿತ್ತು.

"ಐದು ನಿಮಿಷ, ಐದು ನಿಮಿಷ!" ತಾತ ಅವಸರ ಮಾಡಿದ.

ಮೂವತ್ತು. ಸುತ್ತಕ್ಕ ಹಲಗೆಯ ತಂತಿ ಕಳಚಿದಳು. ಅವಳು ಹಿಡಿದದ್ದು ಕ್ಲಿಪ್ಪಿನ ರಬ್ಬರನ್ನು, ಅದಕ್ಕೇ ಅವಳಿಗೆ ಏನೂ ಗೊತ್ತಾಗಲಿಲ್ಲ. ಅತ್ತಿಗೆ ಹಗ್ಗದ ಕೆಳಗೆ ನುಸುಳಿ ಬಂದಿದ್ದಳು. ಮುಖದಲ್ಲಿ ನಗುವಿನ ಹಾಗೆ ಏನೋ ಒಂದು.

"ಅತ್ತಿಗೆ, ಆ ಹಲಗೆ ಎತ್ಕೊಳ್ಳಿ. ಎರಡೂ ತುದಿ ಹಿಡ್ಕೊಳ್ಳಿ, ಗಟ್ಟಿಯಾಗಿ."

ಅತ್ತಿಗೆ ಹಿಡಿದಳು, ಎರಡೂ ತುದಿಯ ಲೋಹದ ಪಟ್ಟಿಗೆ ಅಂಗೈ ತಾಗಿತು. ಒಣ ಕೊಂಬೆ ಮುರಿದ ಸದ್ದಾಯಿತು. ಅಷ್ಟೇ. ಗುಡುಗನ ರಾಡಿನ ಸದ್ದಿನ ಕಾಲು ಭಾಗವೂ ಇರಲಿಲ್ಲ. ಅತ್ತಿಗೆಯ ಎರಡು ತೋಳುಗಳೂ ಒಳಕ್ಕೆ ಸೆಳೆದು, ಬೆನ್ನು ಬಿಲ್ಲಾಗಿ, ಅವಳು ವೇದಿಕೆಯಿಂದ ಹಿಂದಕ್ಕೆ ಹಾರಿ ಬಿದ್ದಳು. ತಲೆ ಸಿಮೆಂಟಿಗೆ ಬಡಿಯಿತು. ಕಣ್ಣು ತೆರೆದೇ ಇತ್ತು. ಹಲಗೆ ಪಕ್ಕದಲ್ಲಿ ಮುರಿದು ಬಿದ್ದಿತ್ತು.

ಸುತ್ತಕ್ಕ ನಿಂತಲ್ಲೇ ನಿಂತಳು. ಕೂಗಿದ್ದು ತಾತ: "ಉಸಿರಿಲ್ಲ! ಎದೆ ಒತ್ರೋ!" ಗುಡುಗು ಜನರನ್ನು ಎರಡೂ ಕಡೆ ಬಿಸಾಕಿಕೊಂಡು ಬಂದು ಮಂಡಿಯೂರಿದ. ಹೆಂಡತಿಯ ಎದೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದ. "ಏಳೇ! ಏಳೇ ಅಂದ್ರೆ!" ಒತ್ತಿದ, ಒತ್ತಿದ. ಲಟಕ್ ಅಂತ ಒಂದು ಪಕ್ಕೆಲುಬು ಮುರಿಯಿತು. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಇನ್ನೊಂದು ಮುರಿಯಿತು. "ಬಿಡಬೇಡ, ಒತ್ತು," ಅಂದ ತಾತ. ಗುಡುಗು ಬಿಡಲಿಲ್ಲ. ಬೆವರು ಅವಳ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಹನ್ನೊಂದು ನಿಮಿಷ ಅವನು ಒಂದೇ ಸಮನೆ ಒತ್ತಿದ. ಯಾರೋ ಕೈ ಬದಲಿಸಲು ಬಂದಾಗ ಮೊಣಕೈಯಿಂದ ತಿವಿದು ಅವನ ಮೂಗಲ್ಲಿ ರಕ್ತ ಬರಿಸಿದ.

ಆಂಬುಲೆನ್ಸಿನವರು ಬಂದು ಬಟ್ಟೆ ಕತ್ತರಿಸಿ, ಎದೆಬಡಿತ ಮರಳಿಸುವ ಶಾಕ್ ಪೆಟ್ಟಿಗೆಯ ಎರಡು ಪಟ್ಟಿಗಳನ್ನು ಎದೆಗೆ ಅಂಟಿಸಿದರು. "ಎಲ್ಲರೂ ದೂರ ಸರೀರಿ." ಆ ಪೆಟ್ಟಿಗೆಯೊಳಗೂ ಇರುವುದು ಒಂದು ಕೆಪಾಸಿಟರೇ ಅಂತ ಸುತ್ತಕ್ಕನಿಗೆ ಗೊತ್ತಿತ್ತು. ಅತ್ತಿಗೆಯ ಮೈ ಒಮ್ಮೆ ನೆಗೆಯಿತು. ಎರಡನೇ ಸಲಕ್ಕೆ ಎದೆ ತಾನಾಗಿ ಏರಿ ಇಳಿಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ಅಣ್ಣ ಒಂದು ತುದಿ, ತಂಗಿ ಇನ್ನೊಂದು ತುದಿ. ನಡುವೆ ತಾತ.

"ನನಗೊಂದು ಅರ್ಥ ಆಗ್ತಿಲ್ಲಮ್ಮ," ಅಂದ ತಾತ. "ನಿನ್ನ ಹಲಗೆಯಲ್ಲಿ ರೆಸಿಸ್ಟರ್ ಇತ್ತಲ್ಲ? ಉಳಿದದ್ದು ತಾನಾಗೇ ಇಳೀಬೇಕಿತ್ತಲ್ಲ?"

ಸುತ್ತಕ್ಕ ಸುಳ್ಳು ಹೇಳಬಹುದಿತ್ತು. ಹಲಗೆ ಚೂರಾಗಿತ್ತು, ಯಾರು ನೋಡುತ್ತಿದ್ದರು?

"ಕತ್ತರಿಸಿ ಹಾಕಿದ್ದೆ ತಾತ. ನಿನ್ನೆ. ಅವು ಕರೆಂಟು ಕುಡೀತಾವೆ ಅಂತ."

"ಅಯ್ಯೋ ಹುಚ್ಚಿ. ಅವೆಲ್ಲ ಸೇರಿ ಕುಡಿಯೋದು ಎಷ್ಟು ಅಂತ ಲೆಕ್ಕ ಹಾಕಿದ್ಯಾ?"

ಕೇಳಿದ ಮೇಲೆ ಅವಳು ಹಾಕಿದಳು, ಅಲ್ಲೇ, ಮನಸ್ಸಿನಲ್ಲೇ. ಮಿಂಚಿನ ಉದ್ದದಲ್ಲಿ ಒಂದು ನೂಲಿನ ದಪ್ಪದಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ಆ ಕೊನೆಯ ಇಂಚುಗಳು ಬಂದದ್ದು ಕ್ಲಿಪ್ಪಿನ ಹದದಿಂದಲೋ, ಅವತ್ತಿನ ಒಣ ಹವೆಯಿಂದಲೋ. ಇಡೀ ಬದುಕು ಎಣಿಸಿದವಳು ಇದೊಂದನ್ನು ಎಣಿಸಿರಲಿಲ್ಲ. ಜೊತೆಗೆ, ಕರೆಂಟು ಇಳಿಸುವವರನ್ನು ಕಿತ್ತೆಸೆದು, ಇಳಿಯಿತು ಅಂತ ಮೂವತ್ತರವರೆಗೆ ಎಣಿಸಿದ್ದಳು.

ಗುಡುಗು ಎದ್ದು ಬಂದ. "ಏನಂದೆ?"

"ಕತ್ತರಿಸಿದ್ದೆ ಅಂದೆ."

"ನಾನು ರಾಡು ಕೊಟ್ಟೆ. ಕೈಗೆ ಕೊಟ್ಟೆ ಕಣೇ ನಿನಗೆ!"

"ಹೌದು."

ಏಟು ಬಂದದ್ದು ಅವಳಿಗೆ ಕಾಣಲೇ ಇಲ್ಲ. ಅವಳು ಕುರ್ಚಿಗಳ ಮೇಲೆ ಹೋಗಿ ಬಿದ್ದಳು, ಇಡೀ ಸಾಲು ಮಗುಚಿತು. ಬಾಯಿ ತುಂಬ ಉಪ್ಪುಪ್ಪು. ನಾಲಿಗೆಯ ಮೇಲೆ ಒಂದು ಹಲ್ಲು ಸಡಿಲವಾಗಿ ಉರುಳಿತು. ತಾತ ಅವನ ಸೊಂಟಕ್ಕೆ ಜೋತುಬಿದ್ದ. ನರ್ಸು ಕಿರುಚಿದಳು. ಗುಡುಗು ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಾ ನಿಂತುಬಿಟ್ಟ.

"ಒಳಗೆ ಬನ್ನಿ ಇಬ್ರೂ," ಅಂತ ಒಂದು ತೆಳು ದನಿ.

ಎದುರಿನ ವಾರ್ಡಿನ ಬಾಗಿಲು ತೆರೆದಿತ್ತು. ಅತ್ತಿಗೆ ದಿಂಬಿಗೆ ಒರಗಿದ್ದಳು. ಎರಡೂ ಅಂಗೈಗೆ ಬ್ಯಾಂಡೇಜು, ಎದೆಗೆ ಪಟ್ಟಿ. ಮಾತಿಗೊಂದು ಸಲ ನೋವು ನುಂಗುತ್ತಿದ್ದಳು.

"ಗೆದ್ದಿದ್ದು ಯಾರು?"

ಗುಡುಗು ತಂಗಿಯ ಕಡೆ ನೋಡಿದ.

"ಇವಳು ಗೆದ್ಳು, ಅಲ್ವಾ? ಕೈ ಎತ್ತಲ್ಲ ಅಂದವರು ನೀವು. ಎಷ್ಟು ಹೊತ್ತು ತಡೆದ್ರಿ? ಮೂರು ಗಂಟೆ?"

"ನಿನ್ನ ಮೇಲೆ ಎತ್ತಲ್ಲ ಅಂದಿದ್ದು ಕಣೇ," ಗುಡುಗನ ದನಿ ಬಿರಿದಿತ್ತು. "ನಿನ್ನ ಕೊಂದುಬಿಡ್ತಿದ್ಳು ಇವಳು."

"ನೀವು ಒಂದು ಕಿವಿ ತಗೊಂಡ್ರಿ, ಇವಳು ಎರಡು ಕೈ. ನೀವು ಎದೆ ಒತ್ತಿ ಉಳಿಸಿದ್ರಂತೆ, ನರ್ಸು ಹೇಳಿದ್ಳು. ಅದನ್ನ ನಾನು ಮರೆಯಲ್ಲ. ಆದ್ರೆ ಅದಕ್ಕೋಸ್ಕರ ನಿಮ್ಮ ಮನೇಲಿ ಬದುಕ್ತೀನಿ ಅಂತ ಅಲ್ಲ." ಆಮೇಲೆ ನಾದಿನಿಯ ಕಡೆ ತಿರುಗಿದಳು. "ನೀನು ನನಗೋಸ್ಕರ ಪಂತ ಕಟ್ಟಿದೆ ಅಂತ ಎಲ್ಲರೂ ಹೊಗಳ್ತಾರೆ. ನನ್ನ ಒಂದು ಮಾತು ಕೇಳಿದ್ಯಾ? ಅಣ್ಣ ತಂಗಿ ನಡುವೆ ನಾನೇನು ಪಂದ್ಯದ ಕಪ್ಪಾ, ಗೆದ್ದವರು ಮನೆಗೆ ಹೊತ್ಕೊಂಡು ಹೋಗೋಕೆ?"

ಸುತ್ತಕ್ಕ ಉದುರಿದ ಹಲ್ಲನ್ನು ಅಂಗೈಗೆ ಉಗುಳಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅತ್ತಿಗೆ ಆಸ್ಪತ್ರೆಯಿಂದ ನೇರ ಲಾಂಡ್ರಿಯ ಮೇಲಿನ ಕೋಣೆಗೆ ಹೋದಳು. ಕೈ ವಾಸಿಯಾಗುವವರೆಗೂ ಅಲ್ಲಿನ ಹೆಂಗಸರೇ ಅವಳ ತಲೆ ಬಾಚಿದರು. ಸುತ್ತಕ್ಕ ದಿನಾ ಹೋಗಿ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದಳು. ಒಂದು ವಾರ ಬಾಗಿಲು ತೆರೆಯಲಿಲ್ಲ. ಎಂಟನೇ ದಿನ ಅತ್ತಿಗೆ ಬಾಗಿಲ ಸಂದಿಯಿಂದ ಕೇಳಿದಳು: "ಕರೆಂಟಿನ ಕೆಲಸ ಬರುತ್ತಲ್ಲ ನಿನಗೆ? ಈ ದೀಪ ಮಿಣುಮಿಣು ಅನ್ನುತ್ತೆ, ನೋಡು."

ಸುತ್ತಕ್ಕ ಒಳಗೆ ಹೋಗಿ ಸ್ವಿಚ್ ಬೋರ್ಡು ಬಿಚ್ಚಿದ್ದಳು ಅಷ್ಟೆ, ಕೆಳಗಿಂದ ಮೆಟ್ಟಿಲು ಗುಡುಗುಟ್ಟಿತು. ಅಣ್ಣ. ಕುಡಿದಿರಲಿಲ್ಲ, ಅವನು ಕುಡಿಯುವವನೇ ಅಲ್ಲ. ಎಂಟು ದಿನ ನಿದ್ದೆಗೆಟ್ಟ ಕಣ್ಣು.

"ಬಾಗಿಲು ತೆಗಿ. ಮನೆಗೆ ನಡಿ."

ಅತ್ತಿಗೆ ಒಳಗಿಂದ ಚಿಲಕ ಭದ್ರ ಮಾಡಿದಳು. ಅವನ ಮುಷ್ಟಿ ಬಾಗಿಲಿಗೆ ಬಿತ್ತು, ಒಂದು ಹಲಗೆ ಸೀಳಿತು. ಮತ್ತೆ ಬಿತ್ತು. ಚಿಲಕದ ಮೊಳೆ ಕಿತ್ತು ಬಂತು. ಬಾಗಿಲು ತೆರೆದುಕೊಂಡಾಗ ಸುತ್ತಕ್ಕ ಅಡ್ಡ ಬಂದು ನಿಂತಳು, ಎರಡೂ ಕೈ ಚಾಚಿ.

"ನೀನು ಪಕ್ಕಕ್ಕೆ ಸರಿ," ಅಂದಳು ಅತ್ತಿಗೆ ಹಿಂದಿನಿಂದ. "ನಿನ್ನ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಬಂದಿಲ್ಲ ನಾನು."

ಅವಳು ಮುಂದೆ ಬಂದು ಗಂಡನ ಎದುರಿಗೇ ನಿಂತು, ಅವನ ಭುಜದ ಆಚೆ ಕೆಳಕ್ಕೆ ಕೂಗಿದಳು: "ಅಕ್ಕಾ! ಬನ್ನಿ!"

ಲಾಂಡ್ರಿಯ ಹೆಂಗಸರು ಏಳು ಜನ ಮೆಟ್ಟಿಲೇರಿ ಬಂದರು. ದಿನಕ್ಕೆ ಮುನ್ನೂರು ಒದ್ದೆ ಹಾಸು ಹಿಂಡುವ ಕೈಗಳು. ಇಬ್ಬರು ಅವನ ಬಲತೋಳು ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿದರು. ಒಬ್ಬಳು ಒದ್ದೆ ಹಾಸನ್ನು ಕುತ್ತಿಗೆಗೆ ಹಾಕಿ ಎಳೆದಳು. ಅವನು ಮೊಣಕಾಲೂರಿದ. ಒಂದೊಂದು ಮೆಟ್ಟಿಲಿಗೂ ಅವನ ಮೈ ಬಡಿಯುತ್ತಾ ಹೋಯಿತು. ಕೆಳಗೆ ಸೋಪುನೀರಿನ ನೆಲದ ಮೇಲಿಂದ ಹೊರಕ್ಕೆ ದಬ್ಬಿ ಶಟರ್ ಎಳೆದರು. ಆಚೆಯಿಂದ ಶಟರಿಗೆ ಒಂದು ಒದೆ ಬಿತ್ತು. ಎರಡನೆಯದು ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ, ದೊಡ್ಡ ಗಂಡಸೊಬ್ಬ ಬಿಕ್ಕುವ ಸದ್ದು ತಗಡಿನ ಮೂಲಕ ಕೇಳಿಸಿತು, ಆಮೇಲೆ ಹೆಜ್ಜೆಗಳು.

ಸುತ್ತಕ್ಕ ಆ ಬಿಕ್ಕು ಕೇಳಿ ಬಾಗಿಲತ್ತ ಎರಡು ಹೆಜ್ಜೆ ಇಟ್ಟಳು. ಹಿಂದಿರುಗಿ ನೋಡಿದರೆ ಅತ್ತಿಗೆ ಅವಳನ್ನೇ ನೋಡುತ್ತಿದ್ದಳು.

"ಹೋಗಬೇಕಾದ್ರೆ ಹೋಗು. ನಿನ್ನಣ್ಣ. ನಾನೇನೂ ಅನ್ನಲ್ಲ."

ಸುತ್ತಕ್ಕ ನಿಂತಳು. ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು.

"ನಾಳೆ ಹೋಗ್ತೀನಿ ಅವನ ಹತ್ರ," ಅಂದಳು. "ಇವತ್ತು ಇದು ಬಿಚ್ಚಿ ಹಾಕಿಬಿಟ್ಟಿದ್ದೀನಿ."

"ಮೊದಲು ಮೇನ್ ಆರಿಸಿದ್ಯಾ?"

"ಆರಿಸಿದೀನಿ."

"ನನಗೆ ತೋರಿಸು," ಅಂದಳು ಅತ್ತಿಗೆ.

ಸುತ್ತಕ್ಕ ಅವಳನ್ನು ಕರೆದುಕೊಂಡು ಮೆಟ್ಟಿಲಿಳಿದು ಮೇನ್ ಬೋರ್ಡಿನವರೆಗೆ ಹೋದಳು. ಕೆಳಗಿಳಿದ ಹಿಡಿಯನ್ನು ಅತ್ತಿಗೆ ಬ್ಯಾಂಡೇಜಿನ ಕೈಯಿಂದ ಮುಟ್ಟಲಿಲ್ಲ. ಬಗ್ಗಿ, ಕಣ್ಣಾರೆ ನೋಡಿ, ಅಲ್ಲೇ ಒಂದು ಬಕೀಟು ಮಗುಚಿಕೊಂಡು ಕೂತಳು.

"ಹೂಂ. ಈಗ ಹೋಗಿ ಮಾಡು. ನಾನಿಲ್ಲಿ ಕಾಯ್ತಿರ್ತೀನಿ."